ಸ್ಪಿನ್ನಿಂಗ್ ರಾಡ್‌ಗೆ ಫ್ಯೂಜಿ ಕೆ-ಸೀರೀಸ್ ಗೈಡ್: ನನ್ನ ಅನಿಸಿಕೆ

ಮೀನು ಹಿಡಿಯುವ 7 ಅಡಿಯ ರಾಡ್ ಕಟ್ಟಲು ಈ ಗೈಡ್ ಸೆಟ್ ತಗೊಂಡೆ. ಗೈಡ್ ಅಂದರೆ ದಾರ ಹಾಯಲು ರಾಡಿನುದ್ದಕ್ಕೂ ಕೂರಿಸುವ, ಫ್ರೇಮಿನೊಳಗೆ ಉಂಗುರವಿರುವ ಕೊಂಡಿ. ಇದರ ಜೀವಾಳ ಮುಂದಕ್ಕೆ ವಾಲಿದ ಫ್ರೇಮು. ಬ್ರೇಡ್ ದಾರ (ಎಳೆಗಳನ್ನು ಹೆಣೆದ ದಾರ) ಅದಕ್ಕೆ ಸುತ್ತಿಕೊಂಡರೂ ಎಳೆತಕ್ಕೆ ಮುಂದೆ ಜಾರಿ ಬಿಟ್ಟುಕೊಳ್ಳುತ್ತದೆ. ಇದೊಂದಕ್ಕೇ ದುಡ್ಡು ಕೊಡಬಹುದು. ಉಂಗುರ ಆಲ್ಕೋನೈಟ್ (ಫ್ಯೂಜಿಯ ಒಂದು ಸೆರಾಮಿಕ್) ಸಾಕು. ಎಸ್‌ಐಸಿ (ಸಿಲಿಕಾನ್ ಕಾರ್ಬೈಡ್) ಇನ್ನೂ ಗಟ್ಟಿ, ಆದರೆ ನನ್ನ ಮೀನುಗಾರಿಕೆಗೆ ಅಷ್ಟು ಬೇಕಿಲ್ಲ.

ದಾರ ಸುತ್ತಿಡುವ ರೀಲ್ ಕಡೆಯಿಂದ 20, 10, 5.5 ಸೈಜಿನ ಗೈಡ್ ಹಾಕಿದೆ. ರೀಲ್‌ನಿಂದ ಹೊರಡುವ ದಾರದ ದೊಡ್ಡ ಸುರುಳಿ ಈ ಮೂರರಲ್ಲೇ ಅಡಗುತ್ತದೆ. ಅಲ್ಲಿಂದ ತುದಿವರೆಗೆ ಸಣ್ಣವೇ. ತುದಿ ಹಗುರ, ಹಾಗಾಗಿ ಎಸೆದ ಮೇಲೆ ರಾಡ್ ಜಾಸ್ತಿ ತೂಗಾಡುವುದಿಲ್ಲ. ದಪ್ಪ ಲೀಡರ್ (ದಾರದ ತುದಿಗೆ ಸೇರಿಸುವ ಬೇರೆ ದಾರ) ಕಟ್ಟುವವರು ಗಂಟು ಹಾಯುತ್ತದೆಯೇ ನೋಡಿಕೊಂಡು ಸೈಜ್ ಆರಿಸಿ.

ಗೈಡ್‌ಗಳ ಅಂತರ ಹೇಳುವ ಅಳತೆಯ ಪಟ್ಟಿಯನ್ನು ಸುಮ್ನೆ ನಂಬಬೇಡಿ. ಬ್ಲ್ಯಾಂಕ್ (ರಾಡಿನ ಬರಿ ಕೋಲು) ಬೇರೆಯಾದರೆ ಬಾಗೂ ಬೇರೆ. ಗೈಡ್‌ಗಳನ್ನು ಟೇಪಿನಲ್ಲಿ ನಿಲ್ಲಿಸಿ, ದಾರ ಹಾಯಿಸಿ, ಭಾರ ಕಟ್ಟಿ ಬಗ್ಗಿಸಿ. ದಾರ ಎಲ್ಲಿ ಬಾಗನ್ನು ಬಿಟ್ಟು ದೂರ ನಿಲ್ಲುತ್ತದೋ ಅಲ್ಲಿ ಗೈಡ್‌ಗಳನ್ನು ಹತ್ತಿರ ತನ್ನಿ. ಆಮೇಲೆ ನಿಮ್ಮದೇ ರೀಲ್ ಹಾಕಿ ಎಸೆಯಿರಿ. ದಾರ ಬ್ಲ್ಯಾಂಕಿಗೆ ಬಡಿಯುವ ಸದ್ದು ಕೇಳಿದರೆ ಮೊದಲ ಗೈಡನ್ನು ಸ್ವಲ್ಪ ಹಿಂದೆ ಮುಂದೆ ಸರಿಸಿ. ಎಪಾಕ್ಸಿ ಅಂಟು ಹಚ್ಚಿದ ಮೇಲೆ ಸರಿಸುವುದು ಕಷ್ಟ, ಅಲ್ವಾ? ಗೈಡನ್ನು ರಾಡಿಗೆ ಕಟ್ಟುವ ನೂಲು ಸುತ್ತುವ ಮುಂಚೆ ಗೈಡಿನ ಪಾದದ (ರಾಡಿನ ಮೇಲೆ ಕೂರುವ ಭಾಗ) ತುದಿಗೆ ಸ್ವಲ್ಪ ಅರ ಆಡಿಸಿ, ನೂಲು ನುಣ್ಣಗೆ ಹತ್ತುತ್ತದೆ.