ಇಯರ್‌ಕಂಪಾಸ್: ಮೊದಲ ಅರ್ಧಕ್ಕೆ ಪೂರ್ತಿ ಮಾರ್ಕ್ಸ್, ಎರಡನೆಯದಕ್ಕೆ ಜಸ್ಟ್ ಪಾಸ್

ಡಿಸೆಂಬರ್ ಬಂತೆಂದರೆ ಅವೆನ್ಯೂ ರಸ್ತೆಯಲ್ಲಿ ಡೈರಿಗಳ ರಾಶಿ. ಬ್ಯಾಂಕಿನವರು, ಇನ್ಶೂರೆನ್ಸ್ ಏಜೆಂಟರು ಪುಕ್ಕಟೆ ಕೊಡುವುದು ಬೇರೆ. ದಿನಕ್ಕೊಂದು ಪುಟ, ಮೇಲೆ ತಾರೀಖು, ಕೆಳಗೆ ಖಾಲಿ ಗೆರೆಗಳು. ಸಂಕ್ರಾಂತಿ ಹೊತ್ತಿಗೆ ಬರೆಯುವುದು ನಿಲ್ಲುತ್ತದೆ, ಯುಗಾದಿ ಹೊತ್ತಿಗೆ ಅದರಲ್ಲಿ ಹಾಲಿನ ಲೆಕ್ಕ ಇರುತ್ತದೆ. ಎಲ್ಲರ ಮನೆಯಲ್ಲೂ ಇದೇ ಕಥೆ ಅಲ್ವಾ. ದಿನಾ ಬರೆಯುವ ಗೋಜಿಲ್ಲ, ವರ್ಷದ ಕೊನೆಗೆ ಒಮ್ಮೆ ಕೂತು ಬರೆದರೆ ಆಯ್ತು ಅಂದಿದ್ದಕ್ಕೇ ನಾನು ಇಯರ್‌ಕಂಪಾಸ್ ಕಡೆ ತಿರುಗಿದ್ದು.

ಇದೊಂದು ಪುಸ್ತಿಕೆ. ಹಂಗೇರಿಯ ಒಂದು ಗೆಳೆಯರ ಗುಂಪು ತಮಗೋಸ್ಕರ ಮಾಡಿಕೊಂಡಿದ್ದನ್ನು 2012ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ದುಡ್ಡು ಕೊಡಬೇಕಿಲ್ಲ, ಅವರ ವೆಬ್‌ಸೈಟಿನಿಂದ ಪಿಡಿಎಫ್ ಇಳಿಸಿಕೊಂಡರೆ ಮುಗಿಯಿತು. ಅರ್ಧ ಭಾಗ ಕಳೆದ ವರ್ಷಕ್ಕೆ, ಇನ್ನರ್ಧ ಬರುವ ವರ್ಷಕ್ಕೆ. ನಾನು ಇಂಗ್ಲಿಷ್ ಪ್ರತಿ ತೆಗೆದುಕೊಂಡು ಉತ್ತರ ಮಾತ್ರ ಕನ್ನಡದಲ್ಲಿ ಬರೆದೆ. ಏನೂ ತೊಂದರೆ ಆಗಲಿಲ್ಲ.

ಪ್ರಿಂಟ್ ವಿಷಯ ಸ್ವಲ್ಪ ಹೇಳಬೇಕು. ಮಡಚುವ ಪುಸ್ತಿಕೆಯ ಫೈಲ್ ತೆಗೆದುಕೊಂಡರೆ ಜೆರಾಕ್ಸ್ ಅಂಗಡಿಯಲ್ಲಿ 'ಎರಡೂ ಕಡೆ, ಶಾರ್ಟ್ ಎಡ್ಜ್' ಅಂತ ಬಾಯಿಬಿಟ್ಟು ಹೇಳಿ. ಇಲ್ಲದಿದ್ದರೆ ಹಿಂದಿನ ಪುಟವೆಲ್ಲ ತಲೆಕೆಳಗಾಗಿ ಬರುತ್ತದೆ. ನಡುವೆ ಪಿನ್ ಹೊಡೆಯೋಣ ಅಂದರೆ ಮಾಮೂಲಿ ಸ್ಟೇಪ್ಲರ್ ಅಲ್ಲಿಯವರೆಗೆ ತಲುಪಲ್ಲ. ಸೂಜಿ ದಾರದಲ್ಲಿ ಮೂರು ಹೊಲಿಗೆ ಹಾಕಿದೆ, ಗಟ್ಟಿಯಾಗಿಯೇ ಇದೆ.

ಇನ್ನು ಒಳಗಿನ ಮಾತು. ಮೊದಲ ಕೆಲಸವೇ ಹೋದ ವರ್ಷದ ಕ್ಯಾಲೆಂಡರನ್ನು ವಾರವಾರವೂ ತಿರುವಿಹಾಕಿ, ಮುಖ್ಯ ಅನ್ನಿಸಿದ್ದನ್ನೆಲ್ಲ ಬರೆದುಕೊಳ್ಳುವುದು. ಇಡೀ ಪುಸ್ತಿಕೆಯಲ್ಲಿ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಆದರೆ ನಮ್ಮಲ್ಲಿ ಎಷ್ಟು ಜನ ಫೋನಿನ ಕ್ಯಾಲೆಂಡರಿನಲ್ಲಿ ಬದುಕುತ್ತೇವೆ ಹೇಳಿ? ನಾನು ತೆಗೆದಿದ್ದು ಅಡುಗೆಮನೆ ಗೋಡೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ (ಸಿಲಿಂಡರ್ ಬಂದ ದಿನ, ಹಾಲು ಬೇಡ ಅಂದ ದಿನ, ಯಾರದೋ ಗೃಹಪ್ರವೇಶ), ಜೊತೆಗೆ ಫೋನ್‌ಪೇ ಹಿಸ್ಟರಿ. ಹಿಸ್ಟರಿ ಇದೆಯಲ್ಲ, ಅದರ ಮುಂದೆ ಯಾವ ಡೈರಿಯೂ ನಿಲ್ಲಲ್ಲ. ಅದು ಹೊಗಳಲ್ಲ, ಅಳಲ್ಲ, ಸುಮ್ನೆ ತಾರೀಖು ಹೇಳುತ್ತದೆ. ಜುಲೈ ಪೂರ್ತಿ ಒಂದೇ ಮೆಡಿಕಲ್ ಶಾಪಿನ ಹೆಸರು, ಕೆಲವು ದಿನ ಎರಡೆರಡು ಸಲ. ಆಗಸ್ಟ್ ನಡುವೆ ಆ ಹೆಸರು ಕಮ್ಮಿಯಾಗುತ್ತಾ ಬಂದು ಎಳನೀರಿನವನ ಹೆಸರು ಶುರು. ಆಮೇಲೆ ಹೂವಿನವಳದ್ದು, 20 ರೂಪಾಯಿ, ಪ್ರತಿ ಶುಕ್ರವಾರ. ಅಮ್ಮ ಹಾಸಿಗೆಯಿಂದ ಎದ್ದು ದೇವರ ಮನೆವರೆಗೆ ಓಡಾಡುವಂತಾದದ್ದು ಯಾವಾಗ ಅಂತ ಯಾರಾದರೂ ಕೇಳಿದ್ದರೆ ನನಗೆ ಹೇಳೋಕೆ ಬರುತ್ತಿರಲಿಲ್ಲ, ನನ್ನ ತಲೆಯಲ್ಲಿ ಇದ್ದದ್ದು 'ಈ ವರ್ಷ ಬರೀ ಆಸ್ಪತ್ರೆ' ಅನ್ನುವ ಒಂದೇ ಸಾಲು. ಆಸ್ಪತ್ರೆ ಇದ್ದದ್ದು ಆರು ವಾರ, ಅಷ್ಟೇ.

ಆಮೇಲೆ ಮನೆ, ಕೆಲಸ, ಸ್ನೇಹಿತರು, ಆರೋಗ್ಯ, ದುಡ್ಡು ಅಂತ ವಿಂಗಡಿಸಿದ ಪಟ್ಟಿ ಬರುತ್ತದೆ, ಪರವಾಗಿಲ್ಲ. ವರ್ಷದ ಅತಿ ಜಾಣ ನಿರ್ಧಾರ ಯಾವುದು, ಅತಿ ದೊಡ್ಡ ರಿಸ್ಕ್ ಯಾವುದು ಅಂತ ಕೆಲವು ಪ್ರಶ್ನೆ. ಇಲ್ಲಿ ನನಗೆ ನಗು ಬಂತು. ನಾಲ್ಕು ಜನರನ್ನು ಕೇಳಿ, ಅತ್ತೆ ಮಾವ ಹೂಂ ಅಂದಮೇಲೆ ಆಗುವ ನಿರ್ಧಾರವನ್ನು 'ನಾನು ತೆಗೆದುಕೊಂಡದ್ದು' ಅಂತ ಹೇಗೆ ಬರೆಯೋದು? ಒಂಟಿಯಾಗಿ ಬದುಕುವವರನ್ನು ಮನಸ್ಸಲ್ಲಿಟ್ಟುಕೊಂಡು ಮಾಡಿದ ಹಾಗಿದೆ. ನಾನು ಅಲ್ಲಿ 'ನಾವು' ಅಂತಲೇ ಬರೆದೆ.

ಕ್ಷಮಿಸುವುದಕ್ಕೆ ಅಂತ ಒಂದು ಜಾಗ ಇದೆ, ಎಲ್ಲಕ್ಕಿಂತ ಕಷ್ಟದ್ದು ಅದೇ. ಬರೆಯೋಕೆ ಹೆಸರು ಇರುತ್ತದೆ, ಆದರೆ ಆ ಹೆಸರಿನವರು ಪಕ್ಕದ ರೂಮಿನಲ್ಲೇ ಟಿವಿ ನೋಡುತ್ತಿರುತ್ತಾರೆ! ಪುಸ್ತಿಕೆ ಮಾಡಿದವರಿಗೆ ಈ ಸಮಸ್ಯೆ ಹೊಳೆದಂತಿಲ್ಲ. ನನ್ನದು ಈಗ ರೇಷ್ಮೆ ಸೀರೆಗಳ ಅಡಿಯಲ್ಲಿದೆ. ಇಂಥ ಮನೆ ನಿಮ್ಮದಾದರೆ ಪ್ರಿಂಟ್ ಬಿಡಿ, ಮೊಬೈಲಿನಲ್ಲೋ ಲ್ಯಾಪ್‌ಟಾಪಿನಲ್ಲೋ ತುಂಬುವ ಫೈಲೇ ವಾಸಿ.

ಒಂದೇ ಸಲ ಕೂತು ಮುಗಿಸಬೇಕು ಅಂತ ಅವರ ಆಸೆ. ನಾನು ಒಪ್ಪಲ್ಲ. ಮನಸ್ಸಿನ ನೋವನ್ನು ಬರೆಯುವುದರ ಬಗ್ಗೆ ಅಮೆರಿಕದ ಮನಃಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅದರಲ್ಲಿ ಕಾಲೇಜು ವಿದ್ಯಾರ್ಥಿಗಳು ಬರೆದದ್ದು ದಿನಕ್ಕೆ 15 ನಿಮಿಷ, ಸತತ ನಾಲ್ಕು ದಿನ. ಬರೆದ ಕೂಡಲೇ ಅವರಿಗೆ ಬೇಜಾರು ಜಾಸ್ತಿಯೇ ಆಗಿತ್ತು, ಒಳ್ಳೆಯದು ಕಂಡದ್ದು ಮುಂದಿನ ತಿಂಗಳುಗಳಲ್ಲಿ. ಹಾಗಾಗಿ ಜುಲೈಯಂಥ ತಿಂಗಳು ಇದ್ದವರು ತುಂಡು ತುಂಡಾಗಿ ಬರೆಯಿರಿ, ಪುಸ್ತಿಕೆ ಏನೂ ಓಡಿಹೋಗಲ್ಲ.

ಎರಡನೆಯ ಅರ್ಧ ಬೇಗ ಹೇಳಿ ಮುಗಿಸುತ್ತೇನೆ. ದೊಡ್ಡ ಕನಸು ಕಾಣಿ, ಬಿಟ್ಟುಬಿಡುವ ಮೂರು ವಿಷಯ ಬರೆಯಿರಿ, ನಿಮಗೆ ನೀವೇ ಕೊಟ್ಟುಕೊಳ್ಳುವ ಮೂರು ಉಡುಗೊರೆ ಹೆಸರಿಸಿ, ವರ್ಷಕ್ಕೊಂದು ಪದ ಆರಿಸಿ. ಸ್ವಲ್ಪ ಹೊತ್ತಿಗೆಲ್ಲ ಕಾಲೇಜಿನ ಪರ್ಸನಾಲಿಟಿ ಡೆವಲಪ್‌ಮೆಂಟ್ ಕ್ಲಾಸಿನಲ್ಲಿ ಕೂತ ಹಾಗಾಗುತ್ತದೆ. ಇದರಲ್ಲಿ ನನಗೆ ಉಪಯೋಗಕ್ಕೆ ಬಂದದ್ದು 'ಯಾವ ಮೂರಕ್ಕೆ ಇಲ್ಲ ಅನ್ನುತ್ತೀರಿ' ಅನ್ನುವುದೊಂದೇ. ಅದೂ ಅಲ್ಲದೆ ಜನವರಿ 1ಕ್ಕೆ ನಮ್ಮ ಮನೆಯಲ್ಲಿ ಏನೂ ಹೊಸದಾಗಲ್ಲ. ಶಾಲೆ ನಡುವೆ ಇರುತ್ತದೆ, ಆಫೀಸಿನ ಲೆಕ್ಕ ಮಾರ್ಚ್ 31ಕ್ಕೆ ಮುಗಿಯುತ್ತದೆ. ಅದಕ್ಕೇ ಈ ಭಾಗ ಅರ್ಧಕ್ಕೇ ಬಿಟ್ಟು ಯುಗಾದಿಗೆ ಮುಂದೂಡಿದ್ದೇನೆ. ಆಗ ರಜೆಯೂ ಇರುತ್ತದೆ, ಹೋಳಿಗೆ ತಿಂದ ಮೇಲೆ ದೊಡ್ಡ ಕನಸು ಕಾಣೋದು ಸುಲಭ ಕೂಡ.

ಪುಕ್ಕಟೆ ಸಿಗುವುದಕ್ಕೆ ಇಷ್ಟು ಇದ್ದರೆ ಜಾಸ್ತಿಯೇ. ಬ್ರಾಂಡೆಡ್ ಪ್ಲ್ಯಾನರ್‌ಗೆ ಸಾವಿರ ರೂಪಾಯಿ ಸುರಿಯುವ ಮೊದಲು ಇದರ ಮೊದಲ ಅರ್ಧ ತುಂಬಿ ನೋಡಿ. ಜೆಲ್ ಪೆನ್ ಮಾತ್ರ ಬೇಡ, ಜೆರಾಕ್ಸ್ ಅಂಗಡಿಯ ತೆಳು ಹಾಳೆಯಲ್ಲಿ ಹಿಂದಕ್ಕೆ ಮೂಡುತ್ತದೆ. ಬಾಲ್ ಪೆನ್ ಸಾಕು.