ಡೆಮೋದಲ್ಲಿ 70 ಬಂತೆಂದು ಸ್ಟ್ರೇನ್ ಗೇಜ್ ಕಿಟ್ಟಿಗೆ ಸಹಿ ಹಾಕಬೇಡಿ

ಲೋಹದ ಯಂಗ್ಸ್ ಮಾಡ್ಯುಲಸ್ (ಹಿಗ್ಗದೆ ತಡೆಯುವ ಬಿಗಿ, ಸ್ಟ್ರೆಸ್ಸನ್ನು ಸ್ಟ್ರೇನಿನಿಂದ ಭಾಗಿಸಿದರೆ ಬರುವುದು) ಅಳೆಯುವ ಸ್ಟ್ರೇನ್ ಗೇಜ್ ಕಿಟ್ ತರಿಸುವ ಯೋಚನೆಯಲ್ಲಿರುವ ನಮ್ಮ ಜಿಲ್ಲೆಯ ಲ್ಯಾಬಿನವರು ಇದನ್ನೊಮ್ಮೆ ಓದಿಕೊಳ್ಳಿ. ಕಾರವಾರದ ನಮ್ಮ ಲ್ಯಾಬಿಗೆ ಸೆಟ್ ಕೊಟ್ಟವರು ಹೊರಗಿನ ಸಪ್ಲೈಯರ್. ಹೆಸರು ಬೇಡ, ವರಸೆ ಗೊತ್ತಾದರೆ ಸಾಕು.

ಸೆಟ್ ಸರಳವಾದದ್ದು. ಅಲ್ಯೂಮಿನಿಯಂ ಪಟ್ಟಿಯ ಒಂದು ತುದಿ ಕ್ಲ್ಯಾಂಪಿನಲ್ಲಿ, ಇನ್ನೊಂದು ತುದಿಗೆ ತೂಕ. ಬುಡದ ಹತ್ತಿರ ಉದ್ದಕ್ಕೊಂದು, ಅಡ್ಡಕ್ಕೊಂದು ಗೇಜ್, ಅಂದರೆ ಪಟ್ಟಿ ಹಿಗ್ಗಿ ಕುಗ್ಗಿದಂತೆ ರೋಧ ಬದಲಾಗುವ ತೆಳು ಬಿಲ್ಲೆ. ಪಟ್ಟಿ 25 ಮಿ.ಮೀ. ಅಗಲ, 6 ಮಿ.ಮೀ. ದಪ್ಪ ಎಂದು ಲೇಬಲ್. ಗೇಜಿನಿಂದ 200 ಮಿ.ಮೀ. ದೂರದಲ್ಲಿ 1 ಕೆ.ಜಿ. ನೇತುಹಾಕಿದರೆ ಲೆಕ್ಕಕ್ಕೆ 13 ಮೆಗಾಪಾಸ್ಕಲ್ ಸ್ಟ್ರೆಸ್ (ಇಷ್ಟು ಜಾಗಕ್ಕೆ ಇಷ್ಟು ಎಂದು ಬೀಳುವ ಬಲ). ಡೆಮೋ ದಿನ ಮೀಟರು 187 ಮೈಕ್ರೋಸ್ಟ್ರೇನ್ (ಉದ್ದದ ಹತ್ತು ಲಕ್ಷಕ್ಕೆ 187 ಪಾಲು ಹಿಗ್ಗು) ತೋರಿಸಿತು. ಭಾಗಿಸಿದರೆ 70 ಗಿಗಾಪಾಸ್ಕಲ್, ಥೇಟ್ ಪುಸ್ತಕದ್ದೇ. ಅಡ್ಡ ಗೇಜ್ ಹಿಡಿದು ಪಾಯ್ಸನ್ ಅನುಪಾತ (ಉದ್ದಕ್ಕೆ ಹಿಗ್ಗಿದ್ದರಲ್ಲಿ ಅಡ್ಡಕ್ಕೆ ಕುಗ್ಗಿದ ಪಾಲು) ತೆಗೆದರೆ 0.33, ಅದೂ ಪುಸ್ತಕದ್ದೇ. ಬಿಲ್ಲಿನ ದೊಡ್ಡ ಪಾಲು ಆಗಲೇ ಪಾಸಾಯಿತು.

ಬಣ್ಣ ಬಯಲು ಮಾಡಿದ್ದು ಸ್ಟೀಲು. ಕೋಡಿಬಾಗದ ಲೇತ್ ಅಂಗಡಿಯಲ್ಲಿ ಸರಿಯಾಗಿ 6.00 ಮಿ.ಮೀ.ಗೆ ಗ್ರೈಂಡ್ ಮಾಡಿಸಿದ ಸ್ಟೀಲ್ ಪಟ್ಟಿಗೆ ಅದೇ ಕಿಟ್ಟಿನ ಸ್ಪೇರ್ ಗೇಜ್ ಅಂಟಿಸಿ ಅಳೆದರೆ ಬಂದದ್ದು 221 ಗಿಗಾಪಾಸ್ಕಲ್. ಸ್ಟೀಲು 200ರ ಆಸುಪಾಸು ಬಿಟ್ಟು ಅಷ್ಟು ದೂರ ಹೋಗುವುದಿಲ್ಲ. ಹದ ಹಾಕಿ ಗಡಸು ಮಾಡಿದರೂ ಮಾಡ್ಯುಲಸ್ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಅಂದಮೇಲೆ ಮೀಟರಿನ ಮೇಲೇ ಅನುಮಾನ.

ಗೇಜಿನ ಪ್ಯಾಕೆಟ್ ಮೇಲೆ ಗೇಜ್ ಫ್ಯಾಕ್ಟರ್ 2.08 ಎಂದಿತ್ತು. ರೋಧ ಬದಲಾದ ಪಾಲನ್ನು ಈ ಅಂಕಿಯಿಂದ ಭಾಗಿಸಿಯೇ ಮೀಟರು ಸ್ಟ್ರೇನ್ ತೋರಿಸುವುದು. ಮೀಟರಿನಲ್ಲಿ ಅದನ್ನು ಹೊಂದಿಸುವ ಸ್ಕ್ರೂ ಇದೆ, ಅದರ ತಲೆಗೆ ಕೆಂಪು ಪೇಂಟಿನ ಚುಕ್ಕೆ ಇಟ್ಟು ಸೀಲ್ ಮಾಡಿದ್ದರು. ಸ್ಕ್ರೂ ಮುಟ್ಟದೆಯೂ ನೋಡಬಹುದು: 120 ಓಮಿನ ಗೇಜಿಗೆ 59.88 ಕಿಲೋಓಮಿನ ರೆಸಿಸ್ಟರ್ ಪ್ಯಾರಲಲ್ ಹಾಕಿದರೆ ರೋಧ ಸಾವಿರಕ್ಕೆ ಎರಡು ಪಾಲು ಇಳಿಯುತ್ತದೆ. ಫ್ಯಾಕ್ಟರ್ 2.08 ಇದ್ದರೆ ಮೀಟರು ಸುಮಾರು 961 ಮೈಕ್ರೋಸ್ಟ್ರೇನ್ ತೋರಿಸಬೇಕು. ತೋರಿಸಿದ್ದು 870. ಅಂದರೆ ಒಳಗೆ ಕೂರಿಸಿದ್ದು 2.30!

ಯಾಕೆ ಅನ್ನುವುದು ಮತ್ತೆ ಅದೇ ಲೇತ್ ಅಂಗಡಿಯಲ್ಲಿ ತಿಳಿಯಿತು. ಅಲ್ಯೂಮಿನಿಯಂ ಪಟ್ಟಿಗೆ ಮೈಕ್ರೋಮೀಟರ್ ಹಿಡಿದ ಅಂಗಡಿಯವರು, "ಮಾಸ್ತರ್ರೆ, ಇದು ಆರಲ್ಲ, ಐದೂ ಮುಕ್ಕಾಲೂ ಇಲ್ಲ" ಅಂದರು. 5.70. ಸೂತ್ರದಲ್ಲಿ ದಪ್ಪ ವರ್ಗವಾಗಿ ಬರುವುದರಿಂದ ನಿಜವಾದ ಸ್ಟ್ರೆಸ್ ಲೇಬಲ್ ಲೆಕ್ಕಕ್ಕಿಂತ ಸುಮಾರು ನೂರಕ್ಕೆ 11 ಹೆಚ್ಚು. ನಿಯತ್ತಿನ ಮೀಟರಾಗಿದ್ದರೆ ಉತ್ತರ 63 ಬಂದು, ಡೆಮೋ ದಿನವೇ ಪ್ರಶ್ನೆ ಏಳುತ್ತಿತ್ತು. ಪಟ್ಟಿ ಬದಲಿಸುವ ಬದಲು ಸ್ಕ್ರೂ ತಿರುಗಿಸಿ 70ಕ್ಕೆ ತಂದಿದ್ದಾರೆ. ಪಾಯ್ಸನ್ ಅನುಪಾತ ಸರಿ ಬಂದದ್ದೂ ಇದಕ್ಕೇ: ಅದು ಎರಡು ಸ್ಟ್ರೇನುಗಳ ಅನುಪಾತ, ಎರಡರಲ್ಲೂ ಒಂದೇ ಪ್ರಮಾಣದ ಸುಳ್ಳಿದ್ದರೆ ಸುಳ್ಳು ಹೊಡೆದುಹೋಗುತ್ತದೆ. 0.33 ನೋಡಿ ಸೆಟ್ಟನ್ನು ನಂಬುವ ಹಾಗಿಲ್ಲ.

ಇನ್ನೊಂದು ಕಸರತ್ತು. ಗೇಜುಗಳ ಕೋಡಿನಲ್ಲಿ 11 ಇತ್ತು, ಅಂದರೆ ಸ್ಟೀಲಿನ ಉಷ್ಣ ಹಿಗ್ಗುವಿಕೆಗೆ ಹೊಂದಿಸಿದ ಗೇಜು. ಅಲ್ಯೂಮಿನಿಯಂಗೆ 23ರದ್ದು ಬೇಕು. ಈ ಅಂತರಕ್ಕೆ ಒಂದು ಡಿಗ್ರಿ ಬಿಸಿಯಾದರೆ ತೂಕವೇ ಇಲ್ಲದೆ 12 ಮೈಕ್ರೋಸ್ಟ್ರೇನ್ ಏರುತ್ತದೆ. ಫ್ಯಾನ್ ಹಾಕಿದರೂ ಸೊನ್ನೆ ಅಲ್ಲಾಡುತ್ತಿದ್ದ ಗುಟ್ಟು ಅದು.

ಮಳೆಗಾಲ ಶುರುವಾದ ಮೇಲಂತೂ ಸೊನ್ನೆ ನಿಲ್ಲುವುದೇ ಬಿಟ್ಟಿತು. ಗೇಜಿನ ಮೇಲಿನ ಬಿಳಿ ಸಿಲಿಕೋನ್ ಬ್ಲೇಡಿನಿಂದ ಎಬ್ಬಿಸಿದರೆ ಗಪ್ಪೆಂದು ವಿನೆಗರ್ ವಾಸನೆ, ಬೆಸುಗೆಯ ತುದಿಯಲ್ಲಿ ಹಸಿರು ಕಿಲುಬು. ಕಿಟಕಿ ಗಾಜಿಗೆ ಹಚ್ಚುವ ಅಗ್ಗದ ಸಿಲಿಕೋನ್ ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ಅದು ತಾಮ್ರವನ್ನು ತಿನ್ನುತ್ತದೆ. ಆಮ್ಲ ಬಿಡದ ನ್ಯೂಟ್ರಲ್ ಸಿಲಿಕೋನ್ ಹಚ್ಚಬೇಕಿತ್ತು. ಸಪ್ಲೈಯರ್‌ಗೆ ಫೋನ್ ಮಾಡಿದರೆ, "ಸರ್, ನಿಮ್ಮ ಕಾರವಾರದ ಹವೆಯೇ ಹಾಗೆ" ಅಂದರು. ಹವೆಗೆ ಸ್ಕ್ರೂ ತಿರುಗಿಸಲು ಬರುತ್ತದೆಯೇ ಎಂದು ಕೇಳಿದ್ದಕ್ಕೆ ಲೈನ್ ಕಟ್ಟಾಯಿತು.

ನೀವು ತರಿಸುವುದಾದರೆ ಡೆಮೋಗೆ ನಿಮ್ಮದೇ ಮೈಕ್ರೋಮೀಟರ್, ನಿಮ್ಮದೇ ರೆಸಿಸ್ಟರ್ ಇಟ್ಟುಕೊಂಡು ಕೂರಿ. ಗೇಜ್ ಫ್ಯಾಕ್ಟರ್ ಅಂಕಿಯಲ್ಲಿ ಕಾಣುವ ಮೀಟರೇ ಬೇಕೆಂದು ಆರ್ಡರಿನಲ್ಲೇ ಬರೆಯಿರಿ. ಸ್ಟೀಲು, ಅಲ್ಯೂಮಿನಿಯಂ ಎರಡನ್ನೂ ಸ್ಕ್ರೂ ಮುಟ್ಟದೆ ಅಳೆದು ತೋರಿಸಲಿ. ನಮ್ಮ ಬಿಲ್ಲಿನ ಉಳಿದ ಪಾಲನ್ನು ತಡೆಹಿಡಿದಿದ್ದೇವೆ. ಹೊಸ ಪಟ್ಟಿ ಕಳಿಸುತ್ತಾರಂತೆ. ಮೀಟರಿನ ಮಾತೇ ಎತ್ತುತ್ತಿಲ್ಲ.