ಜರ್ಮನಿಗೆ ಹೊಸದಾಗಿ ಬಂದವರೇ, ಜಿಮ್ ಕರಾರಿಗೆ ಸೈನ್ ಹಾಕುವ ಮುಂಚೆ ಇದನ್ನು ಓದಿ

ಜರ್ಮನಿಗೆ ಕೆಲಸಕ್ಕೋ ಓದಿಗೋ ಬಂದು, ಮನೆ ಸಿಕ್ಕಿ, ಬ್ಯಾಂಕ್ ಖಾತೆಯೂ ಆಗಿ, ಈಗ ಹತ್ತಿರದಲ್ಲಿ ಜಿಮ್ಮೋ ಯೋಗ ಕ್ಲಾಸೋ ಇದೆಯಾ ಅಂತ ಹುಡುಕುತ್ತಿರುವವರಿಗೆ ಇದನ್ನು ಬರೆಯುತ್ತಿದ್ದೇನೆ. ದಯವಿಟ್ಟು 24 ತಿಂಗಳ ಕರಾರಿಗೆ ಸೈನ್ ಹಾಕಬೇಡಿ. ಕೌಂಟರಿನಲ್ಲಿ ಇರುವವರು ಎಷ್ಟೇ ನಗುನಗುತ್ತಾ ಏನೇ ಭರವಸೆ ಕೊಟ್ಟರೂ ಹಾಕಬೇಡಿ.

ನಾನು ಆಗ ಬರ್ಲಿನ್‌ನಲ್ಲಿದ್ದೆ. ಮನೆಯಿಂದ ನಡೆದು ಹೋಗುವಷ್ಟು ಹತ್ತಿರದಲ್ಲೇ ಒಂದು ಜಿಮ್ ಇತ್ತು. ಇಲ್ಲಿ ಪ್ರೋಬೆಟ್ರೈನಿಂಗ್ ಅಂತ ಇರುತ್ತದೆ, ಸೇರುವ ಮುಂಚೆ ಒಂದು ದಿನ ಬಂದು ಸುಮ್ನೆ ಮಾಡಿ ನೋಡಬಹುದು. ಹೋದೆ. ಜಾಗ ಚೆನ್ನಾಗಿತ್ತು, ವಾರದಲ್ಲಿ ಹೆಚ್ಚುಕಡಿಮೆ ಎಲ್ಲಾ ಸಂಜೆಯೂ ಯೋಗ ಕ್ಲಾಸ್ ಇರುವ ವೇಳಾಪಟ್ಟಿ ಗೋಡೆಯ ಮೇಲಿತ್ತು. ನನಗೆ ಬೇಕಾಗಿದ್ದೇ ಅದು. ಮುಗಿಸಿ ಹೊರಡುವಾಗ ಅಲ್ಲಿದ್ದ ವ್ಯಕ್ತಿ ಕೂರಿಸಿಕೊಂಡು ಲೆಕ್ಕ ತೋರಿಸಿದರು. ತಿಂಗಳಿಂದ ತಿಂಗಳಿಗೆ ಅಂದರೆ ದುಬಾರಿ, ಎರಡು ವರ್ಷಕ್ಕೆ ಅಂದರೆ ತುಂಬಾ ಕಡಿಮೆ, ಆದರೆ ಆ ದರ ಇವತ್ತು ಸೈನ್ ಹಾಕಿದರೆ ಮಾತ್ರ. ನಾನು ಕೇಳಿದ್ದು ಒಂದೇ ಪ್ರಶ್ನೆ: ಕೆಲಸ ಬದಲಾಗಿ ಬೇರೆ ಊರಿಗೆ ಹೋಗಬೇಕಾಗಿ ಬಂದರೆ? ಅವರು ಇಂಗ್ಲಿಷಿನಲ್ಲೇ, ಯಾವ ಅಳುಕೂ ಇಲ್ಲದೆ ಹೇಳಿದರು, ಹೊಸ ವಿಳಾಸದ ನೋಂದಣಿ ಪತ್ರ ಕಳಿಸಿ ಸಾಕು, ಕರಾರು ಅಲ್ಲಿಗೇ ಮುಗಿಯುತ್ತದೆ. ಕರಾರು ಇದ್ದದ್ದು ಜರ್ಮನ್‌ನಲ್ಲಿ.

ಮೊದಲು ಕೈಕೊಟ್ಟಿದ್ದು ಯೋಗ. ಹೇಳಿಕೊಡುತ್ತಿದ್ದವರು ಬಿಟ್ಟು ಹೋದರು, ಕ್ಲಾಸುಗಳು ಒಂದೊಂದಾಗಿ ಕಡಿಮೆಯಾದವು, ಆಮೇಲೆ ಉಳಿದಿದ್ದನ್ನೂ ಜಾಸ್ತಿ ದುಡ್ಡಿನ ಸದಸ್ಯತ್ವಕ್ಕೆ ಸೇರಿಸಿಬಿಟ್ಟರು. ಕೇಳಿದರೆ, ವೇಳಾಪಟ್ಟಿ ಬದಲಾಗಬಹುದು ಅಂತ ನಿಯಮಗಳಲ್ಲಿ ಇದೆಯಲ್ಲ ಅಂದರು. ಅದಾದ ಮೇಲೆ ಒಂದು ಸಲ ಖಾತೆಯಿಂದ ಮಾಮೂಲಿ ಕಂತಿನ ಜೊತೆಗೆ ಸರ್ವಿಸ್ ಶುಲ್ಕ ಅಂತ ಇನ್ನೊಂದು ಮೊತ್ತವೂ ಹೋಗಿತ್ತು.

ನಂತರ ನಿಜವಾಗಿಯೂ ಕೆಲಸ ಬದಲಾಯಿತು, ಸ್ಟುಟ್‌ಗಾರ್ಟ್‌ಗೆ ಬಂದೆ. ಅವರು ಹೇಳಿದ ಹಾಗೇ ಹೊಸ ವಿಳಾಸದ ಪತ್ರ ಕಳಿಸಿದೆ. ಎರಡೇ ಸಾಲಿನ ಉತ್ತರ ಬಂತು: ಊರು ಬದಲಾಯಿಸಿದ್ದು ಕರಾರು ಮುರಿಯಲು ಕಾರಣ ಅಲ್ಲ, ಅವಧಿ ಮುಗಿಯುವವರೆಗೂ ಕಟ್ಟಬೇಕು. ಕೌಂಟರಿನಲ್ಲಿ ಕೊಟ್ಟ ಮಾತನ್ನು ನೆನಪಿಸಿದರೆ, ಆ ವ್ಯಕ್ತಿ ಈಗ ನಮ್ಮಲ್ಲಿ ಕೆಲಸ ಮಾಡುತ್ತಿಲ್ಲ ಅಂತ ಬರೆದರು.

ಇದು ಆ ಜಿಮ್ಮಿನವರ ದರ್ಪ ಮಾತ್ರ ಅಂದುಕೊಂಡು ನಾನು ಫೆರ್‌ಬ್ರೌಖರ್‌ಟ್ಸೆಂಟ್ರಾಲೆಗೆ ಹೋದೆ. ಅದು ಗ್ರಾಹಕರಿಗೆ ಸಲಹೆ ಕೊಡುವ ಸಂಸ್ಥೆ, ಪ್ರತಿ ರಾಜ್ಯದಲ್ಲೂ ಇದೆ, ವಕೀಲರಿಗಿಂತ ತುಂಬಾ ಕಡಿಮೆ ಖರ್ಚು. ಅಲ್ಲಿ ಗೊತ್ತಾಗಿದ್ದು ಕೇಳಿ ಎದೆ ಧಸಕ್ಕೆಂದಿತು. ಸಿವಿಲ್ ಮತ್ತು ಕ್ರಿಮಿನಲ್ ಪ್ರಕರಣಗಳಿಗೆ ಜರ್ಮನಿಯ ಸರ್ವೋಚ್ಚ ನ್ಯಾಯಾಲಯವಾದ ಬುಂಡೆಸ್‌ಗೆರಿಷ್ಟ್ಸ್‌ಹೋಫ್ 2016ರ ಮೇ 4ರಂದೇ ಈ ವಿಷಯಕ್ಕೆ ತೀರ್ಪು ಕೊಟ್ಟಿದೆ. ಹ್ಯಾನೋವರ್‌ನ ಒಬ್ಬ ಯುವಕ ಸೈನ್ಯಕ್ಕೆ ಸೇರಿ ಊರು ಬಿಡಬೇಕಾಗಿ ಬಂದ ಪ್ರಕರಣ ಅದು. ಕೆಲಸಕ್ಕಾಗಿ ಊರು ಬದಲಾಯಿಸಿದರೂ ಜಿಮ್ ಕರಾರನ್ನು ಅವಧಿಗೆ ಮುಂಚೆ ಮುಗಿಸುವ ಹಕ್ಕು ಸಾಮಾನ್ಯವಾಗಿ ಬರುವುದಿಲ್ಲ, ಏಕೆಂದರೆ ಊರು ಬಿಡುವುದು ಗ್ರಾಹಕರ ಕಡೆಯ ವಿಷಯ ಅಂತ ಅಲ್ಲಿ ತೀರ್ಮಾನವಾಯಿತು. ಬಹಳ ಕಾಲದ ಕಾಯಿಲೆ, ವ್ಯಾಯಾಮ ಮಾಡಲು ಆಗುವುದೇ ಇಲ್ಲ ಅಂತ ವೈದ್ಯರ ಪತ್ರ, ಇಂಥದ್ದಿದ್ದರೆ ಬೇರೆ ಮಾತು. ಬಾಯಲ್ಲಿ ಕೊಟ್ಟ ಭರವಸೆಯನ್ನು ಸಾಬೀತು ಮಾಡಬೇಕಾದವರು ನಾವು. ಹೊಸ ದೇಶದಲ್ಲಿ, ಒಬ್ಬರೇ ಹೋಗಿ ಕೂತ ಕೋಣೆಯಲ್ಲಿ ಆಡಿದ ಮಾತಿಗೆ ಸಾಕ್ಷಿ ಎಲ್ಲಿಂದ ತರುವುದು?

ನನಗೆ ಸಿಟ್ಟು ಬರುವುದು ಇದಕ್ಕೇ. ಹೊಸದಾಗಿ ಬಂದವರ ವೀಸಾ, ಕೆಲಸ, ಬಾಡಿಗೆ ಮನೆ ಯಾವುದೂ ಮೊದಲ ವರ್ಷಗಳಲ್ಲಿ ಗಟ್ಟಿಯಾಗಿರುವುದಿಲ್ಲ. ಊರು ಬಿಡುವ ಸಾಧ್ಯತೆ ನಮಗೇ ಜಾಸ್ತಿ, ಅದು ಕೌಂಟರಿನಲ್ಲಿ ಕೂತವರಿಗೂ ಚೆನ್ನಾಗಿ ಗೊತ್ತು. ಗೊತ್ತಿದ್ದೇ ಅತಿ ಉದ್ದದ ಕರಾರನ್ನು ನಮ್ಮ ಮುಂದೆ ಇಡುತ್ತಾರೆ.

ಇನ್ನೊಂದು ವಿಷಯ ತುಂಬಾ ಜನರಿಗೆ ಗೊತ್ತಿಲ್ಲ. ಆನ್‌ಲೈನಿನಲ್ಲಿ ಸೇರಿದರೆ 14 ದಿನದೊಳಗೆ ಕಾರಣ ಕೊಡದೆ ಹಿಂದೆ ಸರಿಯಬಹುದು, ಆದರೆ ಜಿಮ್ಮಿಗೇ ಹೋಗಿ ಕಾಗದಕ್ಕೆ ಸೈನ್ ಹಾಕಿದರೆ ಕಾನೂನಿನಲ್ಲಿ ಆ ಹಕ್ಕು ಇಲ್ಲ. ಅದಕ್ಕೇ "ಇವತ್ತು ಮಾತ್ರ" ಅಂದವರ ಮುಂದೆ ಪೆನ್ನು ಹಿಡಿಯಬೇಡಿ. ಕರಾರಿನ ಫೋಟೋ ತೆಗೆದುಕೊಂಡು ಮನೆಗೆ ಬನ್ನಿ, ಜರ್ಮನ್ ಬರುವವರಿಗೆ ತೋರಿಸಿ. ಮಿಂಡೆಸ್ಟ್‌ಲೌಫ್‌ಟ್ಸೈಟ್ ಅನ್ನುವ ಕಡೆ ಕನಿಷ್ಠ ಅವಧಿ ಬರೆದಿರುತ್ತದೆ. ಊರು ಬಿಟ್ಟರೆ ಬಿಡುಗಡೆ ಅಂತ ಅವರು ಬಾಯಲ್ಲಿ ಹೇಳಿದರೆ, ಅದನ್ನೇ ಕರಾರಿನ ಮೇಲೆ ಬರೆದು ಸೈನ್ ಹಾಕಿಕೊಡಿ ಅನ್ನಿ. ಒಪ್ಪಲಿಲ್ಲವೋ, ಎದ್ದು ಬನ್ನಿ.

ಆಗಲೇ ಸಿಕ್ಕಿಹಾಕಿಕೊಂಡವರು ಸಿಟ್ಟಿನಲ್ಲಿ ಕಂತು ನಿಲ್ಲಿಸಲು ಹೋಗಬೇಡಿ. ಬ್ಯಾಂಕಿನಲ್ಲಿ 8 ವಾರದೊಳಗೆ ಡೆಬಿಟ್ ವಾಪಸ್ ಮಾಡಿಸಬಹುದು ನಿಜ, ಆದರೆ ಸಾಲ ಹಾಗೇ ಉಳಿಯುತ್ತದೆ. ನೋಟಿಸ್ ಬರುತ್ತದೆ, ಆಮೇಲೆ ವಸೂಲಿ ಕಂಪನಿಯ ಪತ್ರ, ಅದರ ಖರ್ಚೂ ನಿಮ್ಮ ಮೇಲೇ. ಜನರ ಸಾಲ, ಬಾಕಿಯ ದಾಖಲೆ ಇಡುವ ಷೂಫಾ ಅನ್ನುವ ಸಂಸ್ಥೆಯಲ್ಲಿ ಕಪ್ಪು ಗುರುತು ಬಿದ್ದರೆ ಬಾಡಿಗೆ ಮನೆ ಸಿಗುವುದೂ ಕಷ್ಟ. ತಪ್ಪಾಗಿ ತೆಗೆದ ಮೊತ್ತದ ಮಾತು ಬೇರೆ. ನನ್ನ ಆ ಸರ್ವಿಸ್ ಶುಲ್ಕ ಕರಾರಿನಲ್ಲಿ ಇರಲೇ ಇಲ್ಲ, ಸಲಹೆಗಾರರು ಹೇಳಿದಂತೆ ಪತ್ರ ಬರೆದ ಮೇಲೆ ಅದನ್ನು ವಾಪಸ್ ಕೊಟ್ಟರು. ಉಳಿದ ಕಂತುಗಳನ್ನೆಲ್ಲ, ಒಳಗೆ ಕಾಲಿಡದ ಜಿಮ್ಮಿಗೆ, ಕೊನೆಯವರೆಗೂ ಕಟ್ಟಿದ್ದೇನೆ.

2022ರ ಮಾರ್ಚ್ 1ರಿಂದ ಆದ ಕರಾರುಗಳಿಗೆ ಒಂದು ಸಮಾಧಾನ ಇದೆ. ಮೊದಲ ಅವಧಿ ಮುಗಿದ ಮೇಲೆ ತಾನಾಗೇ ಇನ್ನೊಂದು ವರ್ಷ ಕಟ್ಟಿಹಾಕುವಂತಿಲ್ಲ, ಒಂದು ತಿಂಗಳ ನೋಟಿಸ್ ಕೊಟ್ಟು ಯಾವಾಗ ಬೇಕಾದರೂ ಬಿಡಬಹುದು. ಆದರೆ ಮೊದಲ ಅವಧಿಯನ್ನು 24 ತಿಂಗಳವರೆಗೆ ಇಡಲು ಈಗಲೂ ಅವಕಾಶ ಇದೆ.

ಯೋಗ ಮಾತ್ರ ಬೇಕು ಅನ್ನುವವರು ಜಿಮ್ಮಿನ ಗೊಡವೆಗೇ ಹೋಗಬೇಡಿ. ಫೋಕ್ಸ್‌ಹೋಖ್‌ಶೂಲೆ ಅಂತ ಊರೂರಲ್ಲೂ ವಯಸ್ಕರ ಶಿಕ್ಷಣ ಕೇಂದ್ರಗಳಿವೆ, ಅಲ್ಲಿ ಯೋಗದ ಕೋರ್ಸ್‌ಗೆ ಒಂದೇ ಸಲ ದುಡ್ಡು ಕಟ್ಟಿದರೆ ಆಯಿತು, ಕೋರ್ಸ್ ಮುಗಿದರೆ ನಂಟೂ ಮುಗಿಯಿತು. ವಿದ್ಯಾರ್ಥಿಗಳಿಗೆ ಹೋಖ್‌ಶೂಲ್‌ಸ್ಪೋರ್ಟ್ ಅಂತ ವಿಶ್ವವಿದ್ಯಾಲಯದ ಕ್ರೀಡಾ ತರಗತಿಗಳಿವೆ, ಅದಕ್ಕಿಂತ ಅಗ್ಗ ಬೇರೆ ಸಿಗುವುದು ಕಷ್ಟ. ಸರ್ಕಾರಿ ಮಾದರಿಯ ಆರೋಗ್ಯ ವಿಮೆ ಇದ್ದವರು ಪ್ರಿವೆನ್ಷನ್ಸ್‌ಕುರ್ಸ್ (ಕಾಯಿಲೆ ಬರದಂತೆ ತಡೆಯುವ ಕೋರ್ಸ್) ಅಂತ ಮಾನ್ಯತೆ ಇರುವ ಯೋಗ ಕೋರ್ಸ್ ಮುಗಿಸಿದರೆ, ವಿಮೆಯವರೇ ಖರ್ಚಿನ ಒಂದು ಪಾಲು ವಾಪಸ್ ಕೊಡುತ್ತಾರೆ. ಸೇರುವ ಮುಂಚೆಯೇ ವಿಮೆಯವರಿಗೆ ಫೋನ್ ಮಾಡಿ ಎಷ್ಟು ಕೊಡುತ್ತಾರೆ, ಎಷ್ಟು ಕ್ಲಾಸಿಗೆ ಹಾಜರಾಗಿರಬೇಕು ಕೇಳಿಕೊಳ್ಳಿ. ಯೋಗ ಸ್ಟುಡಿಯೋಗಳಲ್ಲಿ ಹತ್ತು ಕ್ಲಾಸಿನ ಕಾರ್ಡೂ ಸಿಗುತ್ತದೆ, ತೆಗೆದುಕೊಳ್ಳುವಾಗ ಅದರ ಕೊನೆಯ ದಿನಾಂಕ ನೋಡಿ.

ಈಗ ಕರಾರಿನಲ್ಲಿ ಇರುವವರು ಇವತ್ತೇ ಬಿಡುವ ಪತ್ರ ಕಳಿಸಿಬಿಡಿ, ಅವಧಿ ಇನ್ನೂ ಎಷ್ಟೇ ಉಳಿದಿರಲಿ. ಇಮೇಲ್ ಸಾಕು, ಅಂಚೆಯಲ್ಲೇ ಕಳಿಸಿ ಅಂತ ಅವರು ಹಟ ಮಾಡುವಂತಿಲ್ಲ. ಸದಸ್ಯತ್ವದ ನಂಬರ್ ಹಾಕಿ, ಸಿಗುವ ಮೊದಲ ದಿನಾಂಕಕ್ಕೆ ಕರಾರು ಮುಗಿಸಿ ಅಂತ ಬರೆಯಿರಿ, ಆ ದಿನಾಂಕ ಯಾವುದು ಅಂತ ಬರಹದಲ್ಲಿ ಖಚಿತಪಡಿಸಲು ಕೇಳಿ, ಉತ್ತರ ಬರುವವರೆಗೂ ಬಿಡಬೇಡಿ.